ನಿಮ್ಮ ಆನೆ

ಕಾಗದದಲ್ಲಿ ವಲಯ ಅರಣ್ಯಾಧಿಕಾರಿ, ಊರ ಬಾಯಲ್ಲಿ ರೇಂಜರ್. ಮಲೆನಾಡಿನ ಯಾವ ವಲಯಕ್ಕೆ ಹೋದರೂ ಇವರು ಸಿಗುತ್ತಾರೆ, ಕಾಡಿನಲ್ಲಲ್ಲ, ಫೋನಿನಲ್ಲಿ.

"ಸಾರ್, ನಿಮ್ಮ ಆನೆ ತೋಟಕ್ಕೆ ನುಗ್ಗಿದೆ!"

ಆ 'ನಿಮ್ಮ'ಕ್ಕೆ ಸಾಹೇಬರು ಕೆಲಸಕ್ಕೆ ಸೇರಿದ ವಾರದಲ್ಲೇ ಒಗ್ಗಿಹೋದರು. ನಿಮ್ಮ ಚಿರತೆ, ನಿಮ್ಮ ಹಂದಿ, ನಿಮ್ಮ ಮಂಗ; ಬಚ್ಚಲಿಗೆ ಬಂದ ಕೇರೆಹಾವೂ ನಿಮ್ಮದೇ. ನಿಮ್ಮ ನವಿಲು ಚೆನ್ನಾಗಿ ಕುಣಿಯಿತು ಎಂದು ಈತನಕ ಒಬ್ಬರೂ ಫೋನು ಮಾಡಿಲ್ಲ. ಜೇನು ಕೀಳುವಾಗ, ಕಳಲೆ ಮುರಿಯುವಾಗ, ದರಗು ಹೊರುವಾಗ ಮಾತ್ರ ಕಾಡು 'ನಮ್ದು'.

ತೋಟದಲ್ಲಿ ಸಾಹೇಬರು ಮೊದಲು ತೆಗೆಯುವುದು ಟೇಪು. ಕೆಸರಿನಲ್ಲಿ ಮೂಡಿದ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ತರಬೇತಿಯಲ್ಲಿ ಕಲಿತದ್ದರಲ್ಲಿ ಇಂದಿಗೂ ಖುಷಿ ಕೊಡುವ ಲೆಕ್ಕ ಅದೊಂದೇ. ಕುಕ್ಕರುಗಾಲಲ್ಲಿ ಕೂತು, ಪ್ಯಾಂಟಿಗೆ ಕೆಸರು ಮೆತ್ತಿಕೊಂಡು ಅಳೆಯುತ್ತಾರೆ.

"ನಾಲ್ಕೂವರೆ ಅಡಿ... ಅಂದ್ರೆ ಒಂಬತ್ತಡಿ ಆನೆ, ಗೌಡ್ರೇ!" ಮಗಳ ಮಾರ್ಕು ಹೇಳುವ ದನಿ.

"ಎತ್ತರ ಕಟ್ಕೊಂಡು ನಂಗೇನಾಗ್ಬೇಕು ಸ್ವಾಮಿ? ತಿಂದಿದ್ದೆಷ್ಟು ಬರ್ಕೊಳಿ."

ಬರೆದುಕೊಳ್ಳುತ್ತಾರೆ. ಗೌಡರು ನೂರಿಪ್ಪತ್ತು ಬಾಳೆ ಅಂದರೆ, ಇವರು ಬುಡ ಎಣಿಸಿ ಎಪ್ಪತ್ತು ಅನ್ನುತ್ತಾರೆ. ಕಾಫಿ ಬರುತ್ತದೆ. ಕಾಫಿ ಕುಡಿದ ಮೇಲೂ ಎಪ್ಪತ್ತೇ. ಗೌಡರಿಗೆ ಅದೇ ಸಿಟ್ಟು.

ಕಚೇರಿಯ ಮೇಜಿನ ಮೇಲೆ 1963ರ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ ಒಂದರ ಮೇಲೊಂದು ಮಲಗಿವೆ. ಬೇಸಿಗೆಗೆ ಮೊದಲೇ ಬೆಂಕಿರೇಖೆ ಸವರಿಸಬೇಕು, ಕಡಿದ ಮರಕ್ಕೆ ಮಹಜರು ಬರೆಯಬೇಕು. ಜುಲೈ ಬಂತೆಂದರೆ, 1950ರಲ್ಲಿ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ. ಭಾಷಣ ನಡೆಯುವಷ್ಟು ಹೊತ್ತೂ ಇವರ ಕಣ್ಣು ಬೇಲಿಯಾಚೆ ಕಾದು ನಿಂತ ಆಡಿನ ಮೇಲೆ. ಮರಗಳೆಂದರೆ ಪ್ರೀತಿ ಅಂತಲೇ ಈ ಕೆಲಸ ಹಿಡಿದ ಮನುಷ್ಯ ಮರದ ಕೆಳಗೆ ಸುಮ್ಮನೆ ಕೂತದ್ದನ್ನು ನಾನಂತೂ ನೋಡಿಲ್ಲ.

ಸಂಜೆ ಕ್ವಾರ್ಟರ್ಸಿಗೆ ಬಂದು ಬೂಟು ಬಿಚ್ಚುತ್ತಿದ್ದಂತೆ ಅಡುಗೆಮನೆಯಿಂದ ಹೆಂಡತಿಯ ದನಿ:

"ರೀ, ನಿಮ್ಮ ಮಂಗ ಬಂದು ಒಣಗೋಕೆ ಹಾಕಿದ್ದ ಸಂಡಿಗೆ ಪೂರ್ತಿ ತಿಂದ್ಹೋಯ್ತು!"

ಸಾಹೇಬರು ತಲೆ ಎತ್ತಲಿಲ್ಲ.

"ಅರ್ಜಿ ಕೊಡಿ. ಫೋಟೋ ಇರ್ಲಿ, ಪಹಣಿ ಲಗತ್ತಿಸಿ."