ಗೃಹಪ್ರವೇಶದ ಉಡುಗೊರೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ತಮಗೊಂದು ಗೃಹಪ್ರವೇಶದ ಆಮಂತ್ರಣ ಬಂದಿದೆ. ಮುಂದುವರಿಯುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಪತ್ರಿಕೆಯ ಕೊನೆಯಲ್ಲಿ ‘ತಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿದ್ದರೆ ಹಿಗ್ಗಬೇಡಿ. ಅದನ್ನು ನಂಬಿ ಬರಿಗೈಲಿ ಹೋದವರ ಹೆಸರನ್ನು ಆ ಮನೆಯವರು ಇವತ್ತಿಗೂ ಮರೆತಿಲ್ಲ.

1. ಸುರಕ್ಷತಾ ಸೂಚನೆ

ಚಾಕು, ಕತ್ತರಿ ಒಯ್ಯಬಾರದು; ನೆಂಟಸ್ತಿಕೆ ಕತ್ತರಿಸುತ್ತವಂತೆ. ಕರವಸ್ತ್ರವೂ ಬೇಡ, ಕಣ್ಣೀರು ತರುತ್ತದಂತೆ. ಉಪ್ಪಿನ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಹೊಸ ಮನೆಗೆ ಮೊದಲು ಹೋಗುವ ಸಾಮಾನುಗಳಲ್ಲಿ ಅರಿಶಿನ, ಅಕ್ಕಿ, ಬೇಳೆ, ಬೆಲ್ಲದ ಜತೆ ಉಪ್ಪೂ ಉಂಟು. ಲಕ್ಷ್ಮಿ ಹುಟ್ಟಿದ್ದು ಸಮುದ್ರದಲ್ಲಿ, ಉಪ್ಪೂ ಅಲ್ಲಿಯದೇ. ಹಾಗಾಗಿ ತವರಿನ ನಂಟು. ಆದರೆ ಅದೇ ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ! ಪೊಟ್ಟಣವನ್ನು ಕೆಳಗಿಡಿ, ಅವರು ಎತ್ತಿಕೊಳ್ಳಲಿ. ಲಕ್ಷ್ಮಿಯೂ ಬಂದ ಹಾಗಾಯಿತು, ಜಗಳವೂ ತಪ್ಪಿತು.

2. ಮೂಲ ಭಾಗಗಳು

ತಟ್ಟೆಯೊಂದು. ಅದರಲ್ಲಿ ತೊಟ್ಟು, ತುದಿ ಮುರಿಯದ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅರಿಶಿನ-ಕುಂಕುಮ, ಜುಟ್ಟಿರುವ ತೆಂಗಿನಕಾಯಿ. ಕಾಯಿ ಪೂರ್ಣತೆಯ ಗುರುತು: ಹೊರಗೆ ನಾರು, ನಡುವೆ ಗಟ್ಟಿ ಚಿಪ್ಪು, ಒಳಗೆ ತಿಳಿನೀರು. ಸಾಲ ಮಾಡಿ ಮನೆ ಕಟ್ಟಿದವರ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ನೀರು ಕಣ್ಣಲ್ಲಿರುತ್ತದೆ, ಅಷ್ಟೆ.

ಇವುಗಳ ಮೇಲೆ ಒಂದು ರವಿಕೆ ಕಣ. ಗಮನಿಸಿ: ರವಿಕೆ ಕಣ ಹೊಲಿಸುವ ವಸ್ತುವಲ್ಲ, ಚಲಾವಣೆಯ ನಾಣ್ಯ. ನಮ್ಮಮ್ಮ ಒಮ್ಮೆ ಹಸಿರು ಕಣವೊಂದರ ಮೂಲೆಗೆ, ಯಾರಿಗೂ ಕಾಣದ ಹಾಗೆ, ಅರಿಶಿನದ ಬೊಟ್ಟಿಟ್ಟು ಕೊಟ್ಟರು. ಮೂರು ವರ್ಷದ ನಂತರ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಿಂದ ತಂದ ತಾಂಬೂಲದ ಚೀಲ ಬಿಚ್ಚಿದರೆ ಅದೇ ಹಸಿರು, ಅದೇ ಮಡಿಕೆ, ಅದೇ ಬೊಟ್ಟು. ಅಮ್ಮ ಬೈಯಲಿಲ್ಲ. ‘ಪಾಪ, ಎಷ್ಟು ಊರು ತಿರುಗಿತೋ’ ಎಂದು ಟ್ರಂಕಿಗೆ ಸೇರಿಸಿದರು. ಮುಂದಿನ ಶುಕ್ರವಾರ ಅದು ಮತ್ತೆ ಪ್ರಯಾಣ ಹೊರಟಿತು.

3. ಲಕೋಟೆ ಜೋಡಿಸುವ ವಿಧಾನ

100 ರೂಪಾಯಿ ಇಡಬೇಡಿ, 101 ಇಡಿ. 500 ಅಲ್ಲ, 501. ಸೊನ್ನೆಯಲ್ಲಿ ಲೆಕ್ಕ ಮುಗಿಯುತ್ತದೆ. ಒಂದು ರೂಪಾಯಿ ಸೇರಿದರೆ ಅದು ಮುಂದುವರಿಯುತ್ತದೆ. ನಾಣ್ಯ ಅಂಟಿಸಿದ ಲಕೋಟೆಯೇ ಅಂಗಡಿಯಲ್ಲಿ ಸಿಗುತ್ತದೆ. ಹೆಸರು ಬರೆಯಲು ಮರೆಯದಿರಿ. ಯಾಕೆಂಬುದು 5ನೇ ವಿಭಾಗದಲ್ಲಿದೆ.

4. ಹೆಚ್ಚುವರಿ ಬಿಡಿಭಾಗಗಳು

ಗೋಡೆ ಗಡಿಯಾರ: ಒಳ್ಳೆಯ ಕಾಲ ಬರಲಿ ಎಂಬ ಹಾರೈಕೆ. ನನ್ನ ಗೃಹಪ್ರವೇಶಕ್ಕೆ ಏಳು ಬಂದವು. ಏಳೂ ಬೇರೆ ಬೇರೆ ಒಳ್ಳೆಯ ಕಾಲ ತೋರಿಸುತ್ತಿದ್ದವು.

ಗಣೇಶ: ವಿಘ್ನ ನಿವಾರಕ. ಹತ್ತು ಗಣೇಶ ಬಂದರೆ ಅವರಿಗೆ ಜಾಗ ಹುಡುಕುವುದೇ ವಿಘ್ನ.

ದೀಪದ ಕಂಬ: ಜೋಡಿಯಾಗಿಯೇ ಕೊಡಬೇಕು. ಒಂಟಿ ದೀಪ ಕೊಟ್ಟರೆ ಉಳಿದರ್ಧ ಯಾರ ಮನೆಯಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ.

ಬಿದರಿ ಹೂದಾನಿ: ಕೈಯಲ್ಲಿ ಕಾಸಿದ್ದರೆ ಇದು ಉತ್ತಮ. ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮನೆಗೆ ಹಾರೈಸಲು ಇದಕ್ಕಿಂತ ಒಳ್ಳೆಯ ಮಾತಿಲ್ಲ.

ಸ್ಟೀಲ್ ಪಾತ್ರೆ: ಅಂಗಡಿಯಲ್ಲೇ ಚುಕ್ಕಿ ಚುಕ್ಕಿಯಾಗಿ ನಿಮ್ಮ ಹೆಸರು ಕೊರೆಸಿ. ಇದು ನೆನಪಿಗಾಗಿ ಎನ್ನುತ್ತಾರೆ. ನಿಜವಾದ ಉದ್ದೇಶ, ಪಾತ್ರೆ ರವಿಕೆ ಕಣದ ದಾರಿ ಹಿಡಿಯದಂತೆ ತಡೆಯುವುದು.

5. ಮುಯ್ಯಿ ಪುಸ್ತಕ

ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ, ಹಿಂದೆ ಕನ್ನಡಕದ ದೊಡ್ಡಪ್ಪ. ‘ತುಮಕೂರು ಭಾವ, 101. ಮೇಷ್ಟ್ರು, ಕೊಳದಪ್ಪಲೆ.’ ಇದೇ ಯಂತ್ರದ ಹೃದಯ. ನಾಳೆ ಭಾವನ ಮನೆಯಲ್ಲಿ ಕಾರ್ಯವಾದಾಗ ಈ ಹಾಳೆ ತೆರೆದು, 101ಕ್ಕೆ ಕಡಿಮೆಯಾಗದಂತೆ ಹಿಂತಿರುಗಿಸಬೇಕು. ಕನ್ನಡದಲ್ಲಿ ಉಡುಗೊರೆಗೂ ಮುಯ್ಯಿ, ಸೇಡಿಗೂ ಮುಯ್ಯಿ ಎನ್ನುವುದು ಸುಮ್ಮನೆ ಅಲ್ಲ. ಎರಡನ್ನೂ ಬಡ್ಡಿ ಸಮೇತ ತೀರಿಸುತ್ತೇವೆ.

6. ದೋಷ ನಿವಾರಣೆ

ತೊಂದರೆ: ನೀವು ಕೊಟ್ಟ ಗಡಿಯಾರ ಗೋಡೆಯ ಮೇಲಿಲ್ಲ. ಪರಿಹಾರ: ಕೇಳಬೇಡಿ.

ತೊಂದರೆ: ನೀವು ಕೊಟ್ಟಿದ್ದೇ ನಿಮಗೆ ವಾಪಸು ಬಂದಿದೆ. ಪರಿಹಾರ: ನಗುತ್ತಾ ತೆಗೆದುಕೊಳ್ಳಿ. ಮೂಲೆಯ ಬೊಟ್ಟು ಪರೀಕ್ಷಿಸಿ.

ತೊಂದರೆ: ಆತುರದಲ್ಲಿ ಏನೂ ಕೊಳ್ಳಲಾಗಲಿಲ್ಲ. ಪರಿಹಾರ: 7ನೇ ವಿಭಾಗ ನೋಡಿ.

7. ಖಾತರಿ

ಮೇಲಿನ ಯಾವ ವಸ್ತುವಿಗೂ ಖಾತರಿ ಇಲ್ಲ. ಇರುವುದು ಒಂದಕ್ಕೆ ಮಾತ್ರ. ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಮಾತುಂಟು: ಇವತ್ತು ನಿಮ್ಮ ಹೊಲದ ನಾಟಿಗೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ದುಡ್ಡಿನ ಮಾತಿಲ್ಲ, ಪುಸ್ತಕವೂ ಇಲ್ಲ. ನನ್ನ ಏಳು ಗಡಿಯಾರಗಳನ್ನು ಯಾರ್‍ಯಾರು ಕೊಟ್ಟರೆಂದು ಪುಸ್ತಕ ತೆರೆಯದೆ ಹೇಳಲಾರೆ. ಆದರೆ ಹಿಂದಿನ ರಾತ್ರಿಯೇ ಬಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬೆಳಗ್ಗೆ ಹಾಲುಕ್ಕಿದ ಒಲೆ ಒರೆಸಿ, ಕೊನೆಯ ಪಂಕ್ತಿಗೆ ಬಡಿಸಿ ಆಮೇಲೆ ಊಟಕ್ಕೆ ಕೂತ ಪಕ್ಕದ ಬೀದಿಯ ಅಕ್ಕನ ಹೆಸರನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಇಂದಿಗೂ ಮರೆತಿಲ್ಲ.

ಆದ್ದರಿಂದ ಲಕೋಟೆ ಇರಲಿ, ಕಣವೂ ಇರಲಿ. ಜತೆಗೆ ಎರಡು ಗಂಟೆ ಮುಂಚೆ ಹೋಗಿ. ಗೃಹಪ್ರವೇಶದ ಮನೆಯಲ್ಲಿ ಬಡಿಸಲು ಯಾವಾಗಲೂ ಒಬ್ಬರು ಕಡಿಮೆ ಇರುತ್ತಾರೆ.