ಪದ್ಧತಿ ಕಾಕಾ

ಯಮನೂರು ಅಂದ ಕೂಡಲೇ ಹೊರಗಿನವರು ಒಮ್ಮೆ ಎದೆ ಮುಟ್ಟಿಕೊಳ್ಳುತ್ತಾರೆ. ನವಲಗುಂದ ತಾಲ್ಲೂಕಿನ ನಮ್ಮ ಮಂದಿಗೆ ಆ ಹೆಸರಿನ ಅಂಜಿಕೆ ಇಲ್ಲ. ಇಲ್ಲಿನ ದರ್ಗಾಕ್ಕೆ ಹರಕೆ ಹೊತ್ತು, ಬೆಣ್ಣಿಹಳ್ಳದಲ್ಲಿ ಮಿಂದು, ಹುಟ್ಟಿದ ಕೂಸಿಗೆ ಯಮನೂರಪ್ಪ, ಯಮನೂರಸಾಬ ಎಂದು ಹೆಸರಿಟ್ಟು ತೊಟ್ಟಿಲು ತೂಗುವವರು ನಾವು. ಯಮನನ್ನೇ ತೊಟ್ಟಿಲಿಗೆ ಹಾಕಿದ ಮೇಲೆ ಅಂಜುವುದೇನು ಉಳಿಯಿತು? ಉಳಿದದ್ದು ಒಂದೇ, ಪದ್ಧತಿ ಕಾಕಾ.

ನಿಮ್ಮೂರಲ್ಲೂ ಒಬ್ಬ ಇದ್ದಾನೆ, ಹುಡುಕಿ ನೋಡಿ. ಸಾವಿನ ಸುದ್ದಿ ಬಂದರೆ ಉಳಿದವರು “ಏನಾಗಿತ್ತಂತ?” ಎಂದು ಕೇಳುತ್ತಾರೆ. ಕಾಕಾ ಕೇಳುವುದು “ಎಷ್ಟ ಗಂಟೆಕ್ಕ ಮಣ್ಣು?” ನಮ್ಮ ಕಡೆ ಅಂತ್ಯಕ್ರಿಯೆಗೆ ಹೋಗುವವರು ಪೇಪರಿನವರು ಮಾತ್ರ, ನಾವು ಮಣ್ಣಿಗೆ ಹೋಗುತ್ತೇವೆ. ಲಿಂಗಾಯತರು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ, ಮುಸಲ್ಮಾನರು ಮಲಗಿಸಿ. ಹಿಡಿಮಣ್ಣು ಹಾಕುವುದು ಮಾತ್ರ ಎರಡೂ ಕಡೆ ತಪ್ಪುವುದಿಲ್ಲ.

ಆ ಹಿಡಿಮಣ್ಣಿನ ಜೊತೆಗೆ ಇನ್ನೇನು ಒಯ್ಯಬೇಕು ಎಂಬುದು ಕಾಕಾನ ಇಲಾಖೆ. ಮರಿಮಕ್ಕಳನ್ನು ಎತ್ತಿ ಆಡಿಸಿ ಹೋದ ಮುದುಕನಾದರೆ ಗುಲಾಲು, ಚುರಮರಿ, ಎರಚಲು ಚಿಲ್ಲರೆ, ರಾತ್ರಿಯಿಡೀ ಭಜನಿ, ಮುಂದೆ ಹಲಗಿ. ಹರೆಯದ ಸಾವಾದರೆ ಒಂದು ಮಾಲಿ, ಅದೂ ಸಣ್ಣದು, ಬಾಯಿ ಮುಚ್ಚಿಕೊಂಡು. ಬೀಗರಾದರೆ ಮೈಮೇಲೆ ಹೊಚ್ಚಲು ಹೊಸ ಅರಿವೆ. ಒಮ್ಮೆ ನಮ್ಮ ಓಣಿಯ ಹುಡುಗನೊಬ್ಬ ಜನಾಜಕ್ಕೆ ತೆಂಗಿನಕಾಯಿ ಹಿಡಿದು ಹೊರಟಿದ್ದ. ಕಾಕಾ ಅಡ್ಡ ನಿಂತ: “ಅಲ್ಲಿಗೆ ಕಾಯಿ ಅಲ್ಲೋ ತಮ್ಮಾ, ಹೆಗಲ ಒಯ್ಯಬೇಕು.”

ಕಾಕಾನ ಕೀರ್ತಿ ನಿಂತಿರುವುದು ಒಂದು ಲಕೋಟೆಯ ಮೇಲೆ. ಬೆಂಗಳೂರಿನಿಂದ ಬಂದ ಅಳಿಯನೊಬ್ಬನಿಗೆ ಸತ್ತ ಮನೆಗೆ ಏನು ಒಯ್ಯಬೇಕೆಂದು ತಿಳಿಯಲಿಲ್ಲ. ದಾರಿಯಲ್ಲಿ ಹುಬ್ಬಳ್ಳಿಯಲ್ಲಿ ಇಳಿದು ಎರಡು ಕಿಲೋ ಸೇಬು, ಬಿಸ್ಕಿಟು ಕೊಂಡ. ಕಾಕಾ ಚೀಲದೊಳಗೆ ಇಣುಕಿದ: “ಇದನ್ನ ಹೋದ ವಾರ ದವಾಖಾನಿಗೆ ತಂದಿದ್ರ ಮಾವ ತಿಂತಿದ್ರು.” ಅಳಿಯ ಬೆವರಿ, ಜೇಬಿನಿಂದ ಲಕೋಟೆ ತೆಗೆದ. ಅದರ ಮೇಲೆ ಬಂಗಾರದ ಬಣ್ಣದ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ, ಒಳಗೆ ಐನೂರು. ಕಾಕಾ ನಾಣ್ಯವನ್ನು ಉಗುರಿನಿಂದ ಕಿತ್ತ. “ಐನೂರಾ ಒಂದ ಕೊಡೂದು ಮುಂದ ಬೆಳೀಲಿ ಅಂತರೀ ಅಳಿಯಂದ್ರ. ಈ ಮನ್ಯಾಗ ಏನ ಬೆಳೀಬೇಕ್ರಿ?” ಕಿತ್ತ ನಾಣ್ಯ ಚುರಮರಿಯ ಪುಟ್ಟಿಗೆ ಬಿತ್ತು, ಮೆರವಣಿಗೆಯಲ್ಲಿ ಹೆಣದ ಮೇಲಿಂದ ಹಾರಿ ಯಾವುದೋ ಹುಡುಗನ ಕೈ ಸೇರಿತು. ಐನೂರನ್ನು ಕಾಕಾ ಮನೆಯ ಹಿರಿಮಗನ ಕಿಸೆಗೆ, ಯಾರೂ ನೋಡದ ಹಾಗೆ ತುರುಕಿದ. ಸೇಬನ್ನು ಮಕ್ಕಳು ಹಂಚಿಕೊಂಡರು. ಬಿಸ್ಕಿಟು ಎಲ್ಲಿ ಹೋಯಿತೆಂದು ನನಗೆ ಗೊತ್ತು, ಆದರೆ ಕಾಕಾ ಇನ್ನೂ ಬದುಕಿದ್ದಾನೆ.

ಮದುವೆಯ ಮುಯ್ಯಿಯನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತೇವೆ. ಮಣ್ಣಿನ ಮುಯ್ಯಿ ಬರೆಯಬಾರದು, ಅದಕ್ಕೇ ಅದು ಮರೆಯುವುದಿಲ್ಲ. ಯಾರ ಅವ್ವನ ಮಣ್ಣಿಗೆ ಯಾರು ಬಂದಿರಲಿಲ್ಲ, ಬಂದವರು ಭಜನಿಗೆ ಕೂತರೋ ಮುಖ ತೋರಿಸಿ ಬಸ್ಸು ಹಿಡಿದರೋ, ಎಲ್ಲ ಕಾಕಾನ ತಲೆಯಲ್ಲಿದೆ. ಸಾಲ ತೀರಿಸದವನ ಕೂಡ ಅವನು ಚಹಾ ಕುಡಿದಾನು, ಮಣ್ಣಿಗೆ ಬರದವನ ಕೂಡ ಕುಡಿಯುವುದಿಲ್ಲ.

ಚಹಾ ಅಂದಾಗ ನೆನಪಾಯಿತು. ಮಣ್ಣಾಗುವ ತನಕ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಡುಗೆ ಓಣಿಯದು. ಕಾಕಾ ಇಲ್ಲದ ಊರಲ್ಲಿ ಹತ್ತು ಮನೆಯವರೂ ರೊಟ್ಟಿಯನ್ನೇ ತರುತ್ತಾರೆ. ಇಲ್ಲಿ ಹಾಗಾಗದು: “ಯಕ್ಕಾ, ನೀ ಝುಣಕ. ತಂಗೀ, ನೀ ಅನ್ನ. ಸೀ ಯಾರೂ ತರಬ್ಯಾಡ್ರಿ. ಹಾಲ ಮಾತ್ರ ಎಲ್ಲಾರೂ ತರ್ರಿ, ಅಳೋರಕಿಂತ ಚಾ ಕುಡಿಯೋರ ಹೆಚ್ಚ ಅದಾರ.”

ಅವನನ್ನು ಕಲ್ಲೆದೆಯವ ಅನ್ನುವವರಿದ್ದಾರೆ. ಅವರಲ್ಲಿ ನಾನೂ ಒಬ್ಬನಿದ್ದೆ. ಹೆಂಗಸರು ಹಾಡಿಕೊಂಡು ಅಳುತ್ತಿರುವಾಗ ನಡುವೆ ನುಗ್ಗಿ “ಯಜಮಾನರ ಆಧಾರ್ ಕಾರ್ಡ ಎಲ್ಲೈತಿ?” ಎಂದು ಕೇಳಿದರೆ ಇನ್ನೇನು ಅನ್ನಬೇಕು? ಆದರೆ ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ದಂಡವಿಲ್ಲ. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ನಮ್ಮ ದೊಡ್ಡಪ್ಪ ಹೋದಾಗ ಕಾಕಾ ಊರಲ್ಲಿರಲಿಲ್ಲ. ಶಿವಗಣಾರಾಧನೆಯ ಕಾರ್ಡು ಮುದ್ರಿಸಿದೆವು, ಗೋಧಿ ಹುಗ್ಗಿ ಮಾಡಿಸಿದೆವು, ಫ್ಲೆಕ್ಸು ಕಟ್ಟಿದೆವು. ಅದರಲ್ಲಿ ದೊಡ್ಡಪ್ಪನಿಗಿಂತ ದೊಡ್ಡದಾಗಿ ನಮ್ಮ ಹದಿನಾಲ್ಕು ಮಂದಿಯ ಮುಖ. ಮರಣದ ದಾಖಲೆಯೊಂದನ್ನು ಮರೆತೆವು. ಹೊಲದ ಉತಾರದಲ್ಲಿ ದೊಡ್ಡಪ್ಪ ಮುಂದೆ ಎರಡು ವರ್ಷ ಜೀವಂತವಾಗಿದ್ದರು.

ಇಷ್ಟೆಲ್ಲ ಹೇಳುವ ಕಾಕಾ ತಾನೇನು ತರುತ್ತಾನೆ? ಮಾಲಿ ತಂದದ್ದನ್ನು ನಾನು ಕಂಡಿಲ್ಲ. ಎಲಿ ಅಡಕಿಯ ಸಂಚಿ ತರುತ್ತಾನೆ. ಹೆಣ ಕಾಯುವ ರಾತ್ರಿ, ಭಜನಿಯವರ ಕಣ್ಣು ಎಳೆಯುವ ಮೂರರ ಹೊತ್ತಿಗೆ, ಆ ಸಂಚಿ ಕೈಯಿಂದ ಕೈಗೆ ದಾಟುತ್ತದೆ. ಬೆಳಗಾಗುವಷ್ಟರಲ್ಲಿ ಖಾಲಿ.

ಮಳೆಗಾಲದ ಮಣ್ಣೆಂದರೆ ಕಾಕಾನ ಬಾಯಿ ಇನ್ನೂ ಜೋರು. ನಮ್ಮದು ಯರಿಭೂಮಿ. ಹಸಿಯಾದಾಗ ಹೆಜ್ಜೆಗೊಂದು ಹಿಡಿಯಂತೆ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ. ಮೂರು ಹಿಡಿ ಕೊಟ್ಟು ಬಂದವನು ಮೂರು ಸೇರು ಹೊತ್ತುಕೊಂಡು ತಿರುಗುತ್ತಾನೆ. ಕಾಕಾ ಊರಬಾಗಿಲಲ್ಲಿ ಕಟ್ಟಿಗೆ ಚಕ್ಕಿ ಹಿಡಿದು ನಿಂತು, ಸಾಹುಕಾರನಿರಲಿ ಮಾಸ್ತರನಿರಲಿ, ಒಬ್ಬೊಬ್ಬರದೇ ಕೆರೆಸುತ್ತಾನೆ: “ಕೊಟ್ಟದ್ದನ್ನ ವಾಪಸ್ ತರಬಾರದ್ರೋ!”

ಯಮನೂರ ಕಡೆ ಮಣ್ಣಿಗೆ ಬರುವುದಿದ್ದರೆ ಮಾಲೆ ಸಣ್ಣದಿರಲಿ, ಚಪ್ಪಲಿ ಹಳೆಯದಿರಲಿ. ಹೊರಡುವಾಗ ಅಪ್ಪಿತಪ್ಪಿಯೂ “ಬರ್ತೇನ್ರಿ” ಅನ್ನಬೇಡಿ, ಸುಮ್ಮನೆ ಎದ್ದು ನಡೆಯಿರಿ. ಬಾಗಿಲಲ್ಲಿ ಕಾಕಾ ನಿಂತಿರುತ್ತಾನೆ.