14 ದೊರೆಗಳು, ಒಂದೇ ಬಹುಪರಾಕು

ಆಳುವವರು ಬದಲಾದರೂ ಆಸ್ಥಾನ ಪಂಡಿತನ ಕುರ್ಚಿ ಅಲುಗದಂತೆ ನೋಡಿಕೊಳ್ಳುವ ವಿದ್ಯೆಗೆ ಒಬ್ಬ ಮೂಲಪುರುಷ ಬೇಕೇ ಬೇಕು ಎನ್ನುವುದಾದರೆ, ಕಾನ್‌ಸ್ಟಾಂಟಿನೋಪಲ್‌ನ ಮೈಕೇಲ್ ಪ್ಸೆಲ್ಲೋಸ್‌ಗೇ ಹಾರ ಹಾಕಬಹುದು. 1018ರ ಸುಮಾರಿಗೆ ಹುಟ್ಟಿದ ಈ ಮಹಾಶಯ ತತ್ವಜ್ಞಾನಿ, ವಾಗ್ಮಿ, ಅಷ್ಟಿಷ್ಟು ವೈದ್ಯ, ಸಮಯ ನೋಡಿಕೊಂಡು ಸನ್ಯಾಸಿ. ಇಷ್ಟೆಲ್ಲ ಬಲ್ಲವನು ನೆಚ್ಚಿಕೊಂಡಿದ್ದು ಮಾತ್ರ ಅರಮನೆಯನ್ನೇ. ಗ್ರೀಕ್ ಭಾಷೆಯಲ್ಲಿ ಆತ ಬರೆದ ‘ಕ್ರೋನೊಗ್ರಾಫಿಯಾ’, 976ರಲ್ಲಿ ಆಳ್ವಿಕೆ ಶುರುಮಾಡಿದ ಎರಡನೇ ಬೇಸಿಲ್‌ನಿಂದ ಏಳನೇ ಮೈಕೇಲ್‌ವರೆಗಿನ 14 ಬೈಜಾಂಟೈನ್ ದೊರೆಗಳ ಕಥೆ.

ಸತ್ತವರ ವಿಷಯದಲ್ಲಿ ಈತನ ಧೈರ್ಯ ಅಪಾರ. ಮಹಾರಾಣಿ ಜೋಯಿ ಬೇಸಿಗೆಯ ಸೆಕೆಯಲ್ಲೂ ಮಲಗುವ ಕೋಣೆಯಲ್ಲಿ ಕೆಂಡದ ಒಲೆಗಳನ್ನು ಉರಿಸಿಟ್ಟು, ದಾಸಿಯರ ಕೈಲಿ ಪರಿಮಳದ್ರವ್ಯ ಕಾಯಿಸಿ ಬೆರೆಸುತ್ತಿದ್ದಳು ಎಂಬುದನ್ನು ಪಕ್ಕದಲ್ಲೇ ನಿಂತವನಂತೆ ವರ್ಣಿಸುತ್ತಾನೆ. ಆಕೆಯ ಗಂಡ ಮೂರನೇ ರೊಮಾನೋಸ್ 1034ರಲ್ಲಿ ಸ್ನಾನದ ಕೊಳದಲ್ಲಿ ಸತ್ತಾಗ ಯಾರ ಕೈವಾಡವಿತ್ತು ಎಂದು ಜನ ಗುಸುಗುಸು ಮಾತಾಡಿಕೊಂಡದ್ದನ್ನೂ ಬಿಡುವುದಿಲ್ಲ. ಒಂಬತ್ತನೇ ಕಾನ್‌ಸ್ಟಂಟೈನ್‌ನ ಸರದಿ ಬಂದಾಗ ಮಾತ್ರ ಲೇಖನಿ ತಡವರಿಸುತ್ತದೆ. ‘ತತ್ವಜ್ಞಾನಿಗಳ ಮುಖ್ಯಸ್ಥ’ ಎಂಬ ಬಿರುದು ಕೊಟ್ಟ ದಣಿಯಲ್ಲವೇ? ಉಂಡ ಮನೆಗೆ ಎರಡು ಬಗೆಯುವುದು ಹೇಗೆ ಎಂದು ಸಾಕಷ್ಟು ಗೋಳಾಡಿ, ಸತ್ಯಕ್ಕೆ ಅಪಚಾರವಾಗಬಾರದು ಎಂದು ಮನಸ್ಸು ಗಟ್ಟಿಮಾಡಿಕೊಂಡು, ಆಮೇಲೆ ಸಾವಕಾಶವಾಗಿ ಎರಡು ಬಗೆಯುತ್ತಾನೆ.

ಈತನ ನಿಜವಾದ ಕೈಚಳಕ ನೋಡಬೇಕಾದರೆ 1057ಕ್ಕೆ ಬರಬೇಕು. ಸೇನಾಪತಿ ಐಸಾಕ್ ಕೊಮ್ನೆನೋಸ್ ದಂಗೆ ಎದ್ದಿದ್ದ. ಸಂಧಾನಕ್ಕೆಂದು ಚಕ್ರವರ್ತಿ ಆರನೇ ಮೈಕೇಲ್ ಕಳಿಸಿದವರಲ್ಲಿ ನಮ್ಮ ಪಂಡಿತನೂ ಒಬ್ಬ. ದಂಡಿನ ಡೇರೆಯ ಸುತ್ತ ಸಾಲುಸಾಲಾಗಿ ನಿಂತ ಸೈನಿಕರು ಸರದಿಯ ಮೇಲೆ ಜಯಘೋಷ ಹಾಕುತ್ತಿದ್ದರೆ ಇವನಿಗೆ ನಡುಕ. ಸಂಧಾನ ಮುಗಿಯುವುದರೊಳಗೆ ರಾಜಧಾನಿಯಲ್ಲಿ ಕಳಿಸಿದ ದೊರೆಯೇ ಪದಚ್ಯುತನಾದ. ಇನ್ನು ತಲೆ ಹೋಯಿತು ಎಂದು ರಾತ್ರಿಯೆಲ್ಲ ಹೆದರಿದ ರಾಯಭಾರಿ, ಬೆಳಗಾಗುವಷ್ಟರಲ್ಲಿ ಹೊಸ ದೊರೆಯ ಸಲಹೆಗಾರ!

ಐಸಾಕ್‌ಗೆ ಧರ್ಮಗುರು ಕೆರೌಲಾರಿಯೋಸ್‌ನನ್ನು ಕಂಡರೆ ಆಗುತ್ತಿರಲಿಲ್ಲ. ಆತನ ಮೇಲೆ ಧರ್ಮದ್ರೋಹವೂ ಸೇರಿದಂತೆ ಉದ್ದುದ್ದ ಆರೋಪಪಟ್ಟಿ ತಯಾರಿಸಿದವನು ಪ್ಸೆಲ್ಲೋಸ್. ವಿಚಾರಣೆಗೆ ಮೊದಲೇ ಗುರು ತೀರಿಕೊಂಡ. ಮುಂದೆ ಸಿಂಹಾಸನ ಹತ್ತನೇ ಕಾನ್‌ಸ್ಟಂಟೈನ್‌ಗೆ ಬಂತು. ಆತನ ಹೆಂಡತಿ ಯುಡೋಕಿಯಾ ಅದೇ ಗುರುವಿನ ಸಂಬಂಧಿ. ಆರೋಪಪಟ್ಟಿ ಬರೆದ ಕೈಯೇ ಗುರುವಿನ ಮೇಲೆ ಪ್ರಶಸ್ತಿಯನ್ನೂ ಬರೆಯಿತು. ಅಂದಹಾಗೆ, ಆ ಕಾನ್‌ಸ್ಟಂಟೈನ್‌ನ ಕಾಲಿಗೆ ರಾಜಯೋಗ್ಯ ಕೆಂಪು ಪಾದರಕ್ಷೆ ತೊಡಿಸಿದವನು ತಾನೇ ಎಂದು ಇವನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಚರಿತ್ರೆಕಾರ ದೊರೆಯ ಕಾಲಬುಡದಲ್ಲಿದ್ದ ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕೇ?

ನಾಲ್ಕನೇ ರೊಮಾನೋಸ್‌ನ ಪ್ರಕರಣದಲ್ಲಿ ನಗು ಬರುವುದಿಲ್ಲ. 1071ರಲ್ಲಿ ಮಾಂಜಿಕರ್ಟ್ ಯುದ್ಧದಲ್ಲಿ ಸೋತು ಸೆಲ್ಜುಕ್ ಸುಲ್ತಾನ ಆಲ್ಪ್ ಅರ್ಸ್‌ಲಾನನ ಕೈಗೆ ಸಿಕ್ಕವನು ಈತ. ಶತ್ರು ಗೌರವದಿಂದಲೇ ನಡೆಸಿಕೊಂಡು ಬಿಟ್ಟು ಕಳಿಸಿದ. ಒಳಗೆ ಸೇರಿಸಲು ಒಪ್ಪದವರು ಸ್ವಂತ ಊರಿನವರು. ಹಾಗೆ ಸಲಹೆ ಕೊಟ್ಟವರಲ್ಲಿ ಪ್ಸೆಲ್ಲೋಸ್ ಇದ್ದ. 1072ರಲ್ಲಿ ರೊಮಾನೋಸ್‌ನ ಕಣ್ಣು ಕೀಳಿಸಿದರು. ಅದು ಆಗಬಾರದಿತ್ತು, ಆದರೆ ಅನಿವಾರ್ಯವಾಗಿತ್ತು ಎಂಬುದು ಚರಿತ್ರೆಕಾರನ ತೀರ್ಪು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೊರಗಣ್ಣು ಹೋದರೇನು, ದೇವರು ನಿನ್ನನ್ನು ಮೇಲಿನ ಬೆಳಕಿಗೆ ಯೋಗ್ಯನೆಂದು ಆರಿಸಿದ್ದಾನೆ ಎಂಬ ಧಾಟಿಯಲ್ಲಿ ಆ ಕುರುಡನಿಗೇ ಒಂದು ಸಾಂತ್ವನಪತ್ರ ಬರೆದ. ಅದನ್ನು ಓದಿ ಹೇಳಲೂ ಯಾರಾದರೂ ಬೇಕಿತ್ತು ಎಂಬುದು ಪಂಡಿತನಿಗೆ ಹೊಳೆಯಿತೋ ಇಲ್ಲವೋ. ಕೆಲವೇ ವಾರಗಳಲ್ಲಿ ಗಾಯ ಕೊಳೆತು ರೊಮಾನೋಸ್ ಸತ್ತ.

ಪುಸ್ತಕದ ಕೊನೆಗೆ ಬರುವ ಏಳನೇ ಮೈಕೇಲ್, ಪ್ಸೆಲ್ಲೋಸ್‌ನ ಸ್ವಂತ ಶಿಷ್ಯ. ಬರೆಯುವಾಗ ಸಿಂಹಾಸನದ ಮೇಲೇ ಕೂತಿದ್ದವನು. ಹಾಗಾಗಿ ಇಲ್ಲಿ ತಪ್ಪು ಎಂಬುದೇ ಇಲ್ಲ. ಆತ ವಿನಯಶೀಲ, ಶಾಂತಮೂರ್ತಿ, ಸಕಲಶಾಸ್ತ್ರ ಬಲ್ಲವನು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ ಎಂಬ ಮನವಿ ಬೇರೆ! ದೊರೆಯ ಹೊಗಳಿಕೆ ಮುಗಿದ ಮೇಲೆ ತೊಟ್ಟಿಲ ಕೂಸಿಗೂ ಪಾಲು ಬಂತು: ದುಂಡು ಮುಖ, ಸೊಗಸಾದ ಕಣ್ಣು. ಹಾಲು ಕುಡಿಯುವ ಮಗುವಿಗೂ ಮುಂಗಡ ಬಹುಪರಾಕು ಹಾಕಿಡುವ ದೂರದೃಷ್ಟಿ ಎಲ್ಲರಿಗೂ ಬರುವುದಿಲ್ಲ.

ಪೇಟೆಯ ಜನ ಅದೇ ದೊರೆಗೆ ಬೇರೊಂದು ಬಿರುದು ಕೊಟ್ಟಿದ್ದರು: ‘ಕಾಲು ಪಾಲು ಖೋತಾ’ ಎನ್ನುವ ಅರ್ಥದ್ದು. ಒಂದು ಬಂಗಾರದ ನಾಣ್ಯ ತೆತ್ತರೂ ಗೋಧಿ ಅಳತೆಗೆ ಕಾಲು ಭಾಗ ಕಡಿಮೆಯೇ ಸಿಗುತ್ತಿದ್ದ ಕಾಲವದು. ಗೋಧಿ ವ್ಯಾಪಾರವನ್ನು ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡು ದರ ಏರಿದ ಕಥೆಯನ್ನು ಬರೆದಿಟ್ಟವನು ಅದೇ ಕಾಲದ ನ್ಯಾಯಾಧೀಶ ಮೈಕೇಲ್ ಅಟ್ಟಾಲಿಯಾಟೀಸ್. 1078ರಲ್ಲಿ ಸಕಲಶಾಸ್ತ್ರ ಬಲ್ಲ ಶಿಷ್ಯ ಸಿಂಹಾಸನ ಬಿಟ್ಟು ಮಠ ಸೇರಿದ.

ಇಷ್ಟಾದರೂ ಆ ಶತಮಾನದ ಅರಮನೆಯ ಒಳಗುಟ್ಟು ತಿಳಿಯಬೇಕಾದವರಿಗೆ ಪ್ಸೆಲ್ಲೋಸ್‌ನನ್ನು ಬಿಟ್ಟರೆ ಗತಿಯಿಲ್ಲ. ಮನುಷ್ಯರ ಮುಖ, ಮಾತು, ಚಪಲಗಳನ್ನು ಅಷ್ಟು ಚೆನ್ನಾಗಿ ಹಿಡಿದವನು ಆ ಕಾಲದಲ್ಲಿ ಇನ್ನೊಬ್ಬನಿಲ್ಲ. ಖಂಡಿತ ಓದಿ. ಆದರೆ ಪ್ರತಿ ಅಧ್ಯಾಯಕ್ಕೂ ಮುಂಚೆ, ಇದನ್ನು ಬರೆಯುವಾಗ ಆ ದೊರೆ ಬದುಕಿದ್ದನೇ ಎಂದು ಒಮ್ಮೆ ವಿಚಾರಿಸಿಕೊಳ್ಳಿ.